ತರಗತಿಯಲ್ಲಿ ವರ್ತನಾವಾದ: ಶಿಕ್ಷಕರು ಪದೇ ಪದೇ ಕೇಳುವ ಪ್ರಶ್ನೆಗಳು

ಡಿ.ಎಲ್.ಇಡಿ., ಬಿ.ಇಡಿ. ಎಂಬ ಶಿಕ್ಷಕರ ತರಬೇತಿ ಕೋರ್ಸು ಓದುವಾಗ ಊಟದ ಸೂಚನೆಗೇ ಜೊಲ್ಲು ಸುರಿಸಲು ಕಲಿತ ಪಾವ್ಲೋವನ ನಾಯಿ, ಪೆಟ್ಟಿಗೆಯಿಂದ ಹೊರಬರಲು ಕಲಿತ ಥಾರ್ನ್‌ಡೈಕನ ಬೆಕ್ಕು, ಸನ್ನೆ ಒತ್ತಿ ಆಹಾರ ಪಡೆಯಲು ಕಲಿತ ಸ್ಕಿನ್ನರನ ಇಲಿ ಎಲ್ಲರಿಗೂ ಬಾಯಿಪಾಠ. ನಲವತ್ತು ಮಕ್ಕಳ ಎದುರು ನಿಂತಾಗ ಅವುಗಳಿಂದ ಏನು ಪ್ರಯೋಜನ ಎಂಬ ಪ್ರಶ್ನೆ ಮಾತ್ರ ಹಾಗೇ ಉಳಿದಿರುತ್ತದೆ. ಇಲ್ಲಿರುವುದು ಆ ಪ್ರಶ್ನೆಗೆ ಉತ್ತರ. ಹೆಚ್ಚಿನ ಉದಾಹರಣೆಗಳು 1ರಿಂದ 8ನೇ ತರಗತಿಯವು.

ವರ್ತನಾವಾದ ಶಿಕ್ಷಕರಿಗೆ ಹೇಳುವುದಾದರೂ ಏನು?

ಒಂದು ವರ್ತನೆಯ ಬೆನ್ನಿಗೇ ಏನಾಗುತ್ತದೆಯೋ ಅದನ್ನು ಅವಲಂಬಿಸಿ ಆ ವರ್ತನೆ ಹೆಚ್ಚುತ್ತದೆ ಇಲ್ಲವೇ ಕಡಿಮೆಯಾಗುತ್ತದೆ. ಆದ್ದರಿಂದ ಮಗುವಿನ ಸ್ವಭಾವದ ಬಗ್ಗೆ ತೀರ್ಪು ಕೊಡುವ ಮೊದಲು, ಅದು ಏನು ಮಾಡಿತು, ಮಾಡಿದ ಮೇಲೆ ಅದಕ್ಕೆ ಏನು ಸಿಕ್ಕಿತು ಎಂದು ನೋಡಬೇಕು. ‘ಸೋಮಾರಿ’ ಎಂದುಬಿಟ್ಟರೆ ಶಿಕ್ಷಕರು ಮಾಡುವಂಥದ್ದು ಏನೂ ಉಳಿಯುವುದಿಲ್ಲ. ‘ಲೆಕ್ಕ ಕೊಟ್ಟ ಎರಡೇ ನಿಮಿಷಕ್ಕೆ ಪೆನ್ಸಿಲ್ ಕೆಳಗಿಡುತ್ತಾನೆ’ ಎಂದರೆ ಕೆಲಸ ಶುರುಮಾಡಲು ಒಂದು ಜಾಗ ಸಿಗುತ್ತದೆ.

ಪಾವ್ಲೋವ್, ವಾಟ್ಸನ್, ಥಾರ್ನ್‌ಡೈಕ್, ಸ್ಕಿನ್ನರ್: ತರಗತಿಗೆ ಯಾರು ಎಷ್ಟು ಬೇಕು?

ಭಯ, ಇಷ್ಟ, ಅಸಹ್ಯದಂಥ ಭಾವನೆಗಳು ಒಂದು ವಸ್ತುವಿಗೆ ಅಥವಾ ಜಾಗಕ್ಕೆ ಅಂಟಿಕೊಳ್ಳುವುದು ಹೇಗೆ ಎಂದು ತಿಳಿಯಲು ಪಾವ್ಲೋವ್ ಬೇಕು. ವಾಟ್ಸನ್ ಮತ್ತು ರೇನರ್ 1920ರಲ್ಲಿ ಪ್ರಕಟಿಸಿದ ಪುಟ್ಟ ಆಲ್ಬರ್ಟನ ಪ್ರಯೋಗವನ್ನು ಎಚ್ಚರಿಕೆಯಾಗಿ ನೆನಪಿಟ್ಟರೆ ಸಾಕು. ಬಿಳಿ ಇಲಿ ಕಂಡಾಗಲೆಲ್ಲ ದೊಡ್ಡ ಸದ್ದು ಮಾಡಿದರು; ಕೂಸು ಇಲಿಗಷ್ಟೇ ಅಲ್ಲ, ಮೊಲ, ನಾಯಿಯಂಥ ತುಪ್ಪಟದ ಪ್ರಾಣಿಗಳಿಗೂ ಹೆದರಿತು. ಒಬ್ಬ ಗಣಿತ ಶಿಕ್ಷಕರ ಭಯ ಇಡೀ ಗಣಿತಕ್ಕೆ ಹಬ್ಬುವುದೂ ಹೀಗೆಯೇ.

ಥಾರ್ನ್‌ಡೈಕರ ಸಿದ್ಧತೆ, ಅಭ್ಯಾಸ, ಪರಿಣಾಮ ಎಂಬ ಮೂರು ನಿಯಮಗಳು ಎಲ್ಲರಿಗೂ ಗೊತ್ತು. ಗೈಡುಗಳು ಹೇಳದೆ ಬಿಡುವ ಸಂಗತಿ ಒಂದಿದೆ: 1930ರ ದಶಕದ ಹೊತ್ತಿಗೆ ಥಾರ್ನ್‌ಡೈಕರೇ ತಮ್ಮ ಪರಿಣಾಮ ನಿಯಮವನ್ನು ತಿದ್ದಿಕೊಂಡಿದ್ದರು. ಹಿತವಾದ ಫಲಿತಾಂಶ ವರ್ತನೆಯನ್ನು ಬಲಪಡಿಸುವಷ್ಟರ ಮಟ್ಟಿಗೆ ಅಹಿತವಾದ ಫಲಿತಾಂಶ ಅದನ್ನು ದುರ್ಬಲಗೊಳಿಸುವುದಿಲ್ಲ ಎಂಬುದು ಅವರ ಹೊಸ ನಿಲುವಾಗಿತ್ತು. ಬರೇ ಪುನರಾವರ್ತನೆಯಿಂದ ಕಲಿಕೆ ಆಗುವುದಿಲ್ಲ, ಸರಿಯೋ ತಪ್ಪೋ ಗೊತ್ತಾಗಬೇಕು ಎಂದೂ ಹೇಳಿದರು. ದಿನನಿತ್ಯದ ಕೆಲಸಕ್ಕೆ ಹೆಚ್ಚು ಒದಗುವವರು, ವರ್ತನೆಯ ನಂತರ ಸಿಗುವ ಫಲ ಅದನ್ನು ಹೇಗೆ ಬದಲಿಸುತ್ತದೆ ಎಂದು ಅಧ್ಯಯನ ಮಾಡಿದ ಸ್ಕಿನ್ನರ್. ಈ ಪುಟದ ಮುಕ್ಕಾಲು ಪಾಲು ಅವರ ದಾರಿಯದು.

ಋಣಾತ್ಮಕ ಪುನರ್ಬಲನ ಎಂದರೆ ಶಿಕ್ಷೆಯೇ?

ಅಲ್ಲ. ಟಿಇಟಿಯಲ್ಲಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಅಂಕ ಕಳೆಯುವ ಪ್ರಶ್ನೆ ಇದು. ತರಗತಿಯಲ್ಲಿ ಕಳೆದುಕೊಳ್ಳುವುದು ಇನ್ನೂ ಹೆಚ್ಚು. ಪುನರ್ಬಲನ ಯಾವ ಬಗೆಯದಾದರೂ ವರ್ತನೆಯನ್ನು ಹೆಚ್ಚಿಸುತ್ತದೆ. ಶಿಕ್ಷೆ ಯಾವ ಬಗೆಯದಾದರೂ ಕಡಿಮೆ ಮಾಡುತ್ತದೆ. ಧನಾತ್ಮಕ ಎಂದರೆ ಏನನ್ನೋ ಸೇರಿಸುವುದು, ಋಣಾತ್ಮಕ ಎಂದರೆ ಏನನ್ನೋ ತೆಗೆಯುವುದು.

ಹತ್ತು ಲೆಕ್ಕದಲ್ಲಿ ಮೊದಲ ಆರು ಸರಿಯಾದರೆ ಉಳಿದ ನಾಲ್ಕು ಬಿಟ್ಟುಬಿಡಿ ಎನ್ನುವುದು ಋಣಾತ್ಮಕ ಪುನರ್ಬಲನ: ಹೊರೆ ಇಳಿಯಿತು, ಗಮನವಿಟ್ಟು ಮಾಡುವುದು ಹೆಚ್ಚಿತು. ಬೈಯುವುದು ಧನಾತ್ಮಕ ಶಿಕ್ಷೆ. ಆಟದ ಐದು ನಿಮಿಷ ಕಡಿತಗೊಳಿಸುವುದು ಋಣಾತ್ಮಕ ಶಿಕ್ಷೆ. ಹೆಸರು ಯಾವುದೇ ಇರಲಿ, ಪರಿಣಾಮ ನೋಡಿಯೇ ನಿರ್ಧರಿಸಬೇಕು. ಬೈದ ಮೇಲೆ ಗಲಾಟೆ ವಾರದಿಂದ ವಾರಕ್ಕೆ ಹೆಚ್ಚುತ್ತಿದ್ದರೆ, ನೀವು ಶಿಕ್ಷೆ ಎಂದುಕೊಂಡದ್ದು ಆ ಮಗುವಿಗೆ ಪುನರ್ಬಲನವಾಗಿದೆ.

ಒಬ್ಬ ಹುಡುಗ ಪಾಠದ ಮಧ್ಯೆ ಸದಾ ಎದ್ದು ಓಡಾಡುತ್ತಾನೆ. ಎಲ್ಲಿಂದ ಶುರುಮಾಡುವುದು?

ತಿದ್ದಲು ಹೋಗುವ ಮೊದಲು ಎಣಿಸಿ. ಒಂದೇ ಪೀರಿಯಡ್ ಆರಿಸಿಕೊಂಡು ಅದರಲ್ಲಿ 20 ನಿಮಿಷ, ಐದು ದಿನ, ಎಷ್ಟು ಸಲ ಎದ್ದ ಎಂದು ಡೈರಿಯ ಅಂಚಿನಲ್ಲಿ ಗೆರೆ ಎಳೆಯುತ್ತ ಹೋಗಿ. ಈ ಐದು ದಿನ ನೀವು ಎಂದಿನಂತೆಯೇ ಇರಬೇಕು. ಈ ಸಂಖ್ಯೆ ಇಲ್ಲದಿದ್ದರೆ, ಮೂರು ವಾರ ಕಳೆದ ಮೇಲೆ ಸುಧಾರಿಸಿದನೋ ಇಲ್ಲವೋ ಎಂಬುದು ನಿಮ್ಮ ಆವತ್ತಿನ ಮನಃಸ್ಥಿತಿಯ ಮೇಲೆ ನಿಂತಿರುತ್ತದೆ. ಎಣಿಕೆ ಮುಗಿದಾಗ ಕೆಲವೊಮ್ಮೆ ಬೇರೆಯದೇ ಸಂಗತಿ ಹೊರಬೀಳುತ್ತದೆ: ಅಷ್ಟೇ ಸಲ ಏಳುವ ಇನ್ನಿಬ್ಬರು ಇರುತ್ತಾರೆ, ಅವರು ಸದ್ದು ಮಾಡದ್ದರಿಂದ ನಮ್ಮ ಕಣ್ಣಿಗೆ ಬಿದ್ದಿರುವುದಿಲ್ಲ.

ಜೊತೆಗೆ ಮೂರು ಕಾಲಂ ಹಾಕಿಕೊಳ್ಳಿ: ಏಳುವ ಮೊದಲು ಏನು ನಡೆಯುತ್ತಿತ್ತು, ಅವನು ಏನು ಮಾಡಿದ, ತಕ್ಷಣ ಏನಾಯಿತು. ಎಂಟು ಹತ್ತು ಸಲ ಬರೆದರೆ ಸಾಮಾನ್ಯವಾಗಿ ಒಂದು ಕ್ರಮ ಕಾಣುತ್ತದೆ. ಬರೆಯುವ ಕೆಲಸ ಕೊಟ್ಟಾಗಲೆಲ್ಲ ಏಳುತ್ತಿದ್ದರೆ ಅವನಿಗೆ ಸಿಗುತ್ತಿರುವುದು ಬರವಣಿಗೆಯಿಂದ ಬಿಡುಗಡೆ. ನೀವು ಬೇರೆ ಮಕ್ಕಳ ಹತ್ತಿರ ಇದ್ದಾಗ ಎದ್ದರೆ ಸಿಗುತ್ತಿರುವುದು ನಿಮ್ಮ ಗಮನ. ಹಿಂದಿನ ಬೆಂಚಿನವರು ನಕ್ಕರೆ ಅವರ ಗಮನ. ಮೂರಕ್ಕೂ ಮದ್ದು ಬೇರೆ ಬೇರೆ. ಬಿಡುಗಡೆಗಾಗಿ ಏಳುವವನನ್ನು ‘ಹೊರಗೆ ಹೋಗಿ ನಿಲ್ಲು’ ಎಂದರೆ ಅವನು ಕೇಳಿದ್ದನ್ನೇ ಕೊಟ್ಟ ಹಾಗಾಯಿತು. ಅವನಿಗೆ ಬರವಣಿಗೆಯನ್ನು ಮೂರು ಸಾಲಿನ ತುಂಡುಗಳಾಗಿ ಕೊಟ್ಟು, ಒಂದೊಂದು ತುಂಡು ಮುಗಿಸಿದಾಗ ನೋಟ್‌ಬುಕ್ ತಂದು ತೋರಿಸಲು ಹೇಳಿ. ಏಳುವುದೂ ಆಯಿತು, ಅದು ಬರೆದು ಗಳಿಸಿದ ಏಳುವಿಕೆಯೂ ಆಯಿತು. ಗಮನಕ್ಕಾಗಿ ಏಳುವವನ ಬಳಿಗೆ ಅವನು ಕೂತು ಕೆಲಸಮಾಡುತ್ತಿರುವಾಗಲೇ, ಐದು ನಿಮಿಷಕ್ಕೊಮ್ಮೆ ಹೋಗಿ. ನಗಿಸಲು ಏಳುವವನಿದ್ದರೆ ಅವನಿಗಿಂತ ಮೊದಲು ನಗುವವರ ಜಾಗ ಬದಲಿಸಿ.

ಬೈದರೆ ಆ ಕ್ಷಣವೇ ಸುಮ್ಮನಾಗುತ್ತಾರಲ್ಲ?

ಆಗುತ್ತಾರೆ, ಅದೇ ತೊಂದರೆ. ಗದ್ದಲ ನಿಂತದ್ದರಿಂದ ಶಿಕ್ಷಕರಿಗೆ ಸಮಾಧಾನವಾಯಿತು. ಹಾಗಾಗಿ ಗಟ್ಟಿಯಾಗಿದ್ದು ಶಿಕ್ಷಕರ ಬೈಯುವ ಅಭ್ಯಾಸ. ಮಕ್ಕಳ ಗದ್ದಲ ಹತ್ತು ನಿಮಿಷದಲ್ಲಿ ವಾಪಸ್ ಬರುತ್ತದೆ. ಋಣಾತ್ಮಕ ಪುನರ್ಬಲನ ಶಿಕ್ಷಕರ ಮೇಲೆ ಕೆಲಸಮಾಡುವ ಬಗೆ ಇದು.

ಅಮೆರಿಕದಲ್ಲಿ ಮ್ಯಾಡ್ಸನ್ ಮತ್ತು ಸಂಗಡಿಗರು 1968ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳನ್ನು ಇಲ್ಲಿ ನೆನೆಯಬೇಕು. ಒಂದನೇ ತರಗತಿಯ ಶಿಕ್ಷಕರು ‘ಕೂತ್ಕೋ, ಕೂತ್ಕೋ’ ಎಂದು ಹೆಚ್ಚು ಸಲ ಹೇಳಿದಾಗ ಎದ್ದು ನಿಲ್ಲುವವರೂ ಹೆಚ್ಚಿದರು. ಕೂತವರನ್ನು ಮೆಚ್ಚಿದಾಗ ಕಡಿಮೆಯಾದರು. ಇನ್ನೊಂದರಲ್ಲಿ, ನಿಯಮಗಳನ್ನು ಬರೆದು ತೂಗುಹಾಕಿದ್ದರಿಂದಲೇ ಹೇಳಿಕೊಳ್ಳುವ ಫಲ ಸಿಗಲಿಲ್ಲ. ಸರಿಯಾದ ವರ್ತನೆಯನ್ನು ಮೆಚ್ಚುವುದು ಸೇರಿದಾಗ ತರಗತಿ ಬದಲಾಯಿತು. ಗೋಡೆಯ ಮೇಲೆ ‘ಶಿಸ್ತಿನ ಹತ್ತು ನಿಯಮಗಳು’ ಚಾರ್ಟ್ ಅಂಟಿಸಿ ಕೈತೊಳೆದುಕೊಳ್ಳುವ ಶಾಲೆಗಳು ಇದನ್ನು ಓದಬೇಕು.

ನಿರ್ಲಕ್ಷಿಸಿದೆ, ಕಡಿಮೆಯಾಗುವ ಬದಲು ಹೆಚ್ಚಾಯಿತು. ಏಕೆ?

ಮೊದಲು ಹೆಚ್ಚಾಗುವುದು ನಿರೀಕ್ಷಿತವೇ. ಇಷ್ಟು ದಿನ ಒಮ್ಮೆ ಕೂಗಿದರೆ ತಿರುಗಿ ನೋಡುತ್ತಿದ್ದವರು ಈಗ ನೋಡುತ್ತಿಲ್ಲ. ಮಗು ಇನ್ನೂ ಜೋರಾಗಿ, ಇನ್ನೂ ಹೆಚ್ಚು ಸಲ ಕೂಗಿ ನೋಡುತ್ತದೆ. ಈ ಏರಿಕೆ ಸಾಮಾನ್ಯವಾಗಿ ಕೆಲವು ದಿನಗಳದು. ಅನಾಹುತ ಆಗುವುದು ಮೂರನೇ ದಿನ ತಾಳ್ಮೆ ಕೆಟ್ಟು ‘ಏನೋ ಅದು ನಿನ್ನ ಗೋಳು?’ ಎಂದುಬಿಟ್ಟಾಗ. ಮಗು ಕಲಿತದ್ದು: ಮೊದಲಿನಷ್ಟು ಕೂಗಿದರೆ ಸಾಲದು, ಇಷ್ಟು ಕೂಗಬೇಕು. ನಡುನಡುವೆ ಫಲ ಸಿಗುವ ವರ್ತನೆ ಅಳಿಸಲು ಎಲ್ಲಕ್ಕಿಂತ ಕಷ್ಟ. ಕೊನೆತನಕ ನಿಲ್ಲಲು ಸಾಧ್ಯವಿಲ್ಲ ಅನಿಸಿದರೆ ನಿರ್ಲಕ್ಷ್ಯದ ದಾರಿ ಹಿಡಿಯಲೇಬೇಡಿ.

ಇನ್ನೆರಡು ಎಚ್ಚರಿಕೆ. ಹೊಡೆಯುವುದು, ಕಲ್ಲು ಎಸೆಯುವುದು, ಇನ್ನೊಂದು ಮಗುವನ್ನು ಜಾತಿ, ಬಣ್ಣ, ಅಂಗವೈಕಲ್ಯ ಹಿಡಿದು ಹೀಯಾಳಿಸುವುದು ನಿರ್ಲಕ್ಷಿಸುವಂಥದ್ದಲ್ಲ, ತಕ್ಷಣ ತಡೆಯಬೇಕು. ಹಾಗೆಯೇ, ಗಲಾಟೆಗೆ ಫಲ ಕೊಡುತ್ತಿರುವವರು ಸಹಪಾಠಿಗಳಾಗಿದ್ದರೆ ನೀವೊಬ್ಬರೇ ನಿರ್ಲಕ್ಷಿಸಿ ಉಪಯೋಗವಿಲ್ಲ. ನಿರ್ಲಕ್ಷ್ಯದ ಜೊತೆಗೆ ಬದಲಿ ವರ್ತನೆಯೊಂದಕ್ಕೆ ಫಲ ಇರಲೇಬೇಕು: ಕೂಗಿದರೆ ಉತ್ತರವಿಲ್ಲ, ಕೈ ಎತ್ತಿದರೆ ಮೊದಲ ವಾರ ಪ್ರತಿ ಸಲವೂ ಅವನಿಗೇ ಅವಕಾಶ.

ಎಲ್ಲದಕ್ಕೂ ‘ವೆರಿ ಗುಡ್’ ಎನ್ನುತ್ತೇವೆ. ಫಲ ಕಾಣುವುದಿಲ್ಲ.

ಎಲ್ಲದಕ್ಕೂ ಅಂದದ್ದರಿಂದಲೇ ಕಾಣುವುದಿಲ್ಲ. ಮೆಚ್ಚುಗೆ ಯಾವ ಕೆಲಸಕ್ಕೆ ಬಂತು ಎಂದು ಮಗುವಿಗೆ ಗೊತ್ತಾಗಬೇಕು. ‘ಜಾಣೆ’ ಎನ್ನುವುದಕ್ಕಿಂತ ‘ಹಂತ ಬಿಡದೆ ಬರೆದಿದ್ದೀಯ, ಅದಕ್ಕೇ ತಪ್ಪು ಎಲ್ಲಿದೆ ಅಂತ ನಿನಗೇ ಸಿಕ್ತು’ ಎನ್ನುವುದು ಕೆಲಸಕ್ಕೆ ಬರುತ್ತದೆ. ಮಾಡಿದ ಕೆಲವೇ ಸೆಕೆಂಡುಗಳಲ್ಲಿ ಹೇಳಬೇಕು. ಸಂಜೆ ಹೇಳಿದ ಮೆಚ್ಚುಗೆ ಸಂಜೆ ಮಾಡುತ್ತಿದ್ದ ಕೆಲಸಕ್ಕೇ ಅಂಟೀತು.

ಮೆಚ್ಚುಗೆಯ ವೇಷ ಹಾಕಿದ ಬೈಗುಳವನ್ನು ಮಕ್ಕಳು ಚೆನ್ನಾಗಿ ಗುರುತಿಸುತ್ತಾರೆ: ‘ಪರವಾಗಿಲ್ಲ, ಇವತ್ತಾದ್ರೂ ಹೋಂವರ್ಕ್ ಮಾಡ್ಕೊಂಡ್ ಬಂದ್ಯಲ್ಲ!’ ‘ಅವಳನ್ನ ನೋಡಿ ಕಲೀರಿ’ ಎಂಬುದು ಇನ್ನೂ ಕೆಟ್ಟದು. ಅದರ ಬೆಲೆಯನ್ನು ಆ ಹುಡುಗಿ ಬಿಡುವಿನ ವೇಳೆಯಲ್ಲಿ ತೆರಬೇಕಾಗುತ್ತದೆ. 7, 8ನೇ ತರಗತಿಯ ಮಕ್ಕಳಿಗೆ ಎಲ್ಲರೆದುರು ಹೊಗಳಿಸಿಕೊಳ್ಳುವುದೇ ಶಿಕ್ಷೆಯಾಗಬಹುದು. ಅವರಿಗೆ ನೋಟ್‌ಬುಕ್ಕಿನಲ್ಲಿ ಒಂದು ಸಾಲು ಬರೆದರೆ ಸಾಕು.

ಟೋಕನ್ ಪದ್ಧತಿಯನ್ನು ನಲವತ್ತು ಮಕ್ಕಳಿರುವಲ್ಲಿ ನಡೆಸುವುದು ಹೇಗೆ?

ಟೋಕನ್ ಪದ್ಧತಿ ಎಂದರೆ ಸರಿಯಾದ ವರ್ತನೆಗೆ ಟೋಕನ್ ಕೊಟ್ಟು, ಕೂಡಿಸಿದ ಟೋಕನ್‌ಗಳನ್ನು ಮಗು ತನಗಿಷ್ಟವಾದದ್ದಕ್ಕೆ ಬದಲಿಸಿಕೊಳ್ಳಲು ಬಿಡುವುದು. ಎರಡು ಅಥವಾ ಮೂರೇ ವರ್ತನೆ ಆರಿಸಿ. ‘ಶಿಸ್ತಿನಿಂದಿರುವುದು’ ಎಂಬುದು ವರ್ತನೆಯಲ್ಲ. ‘ಬೆಲ್ ಆದ ಎರಡು ನಿಮಿಷದೊಳಗೆ ಪುಸ್ತಕ ತೆರೆದಿರುವುದು’, ‘ಕೈ ಎತ್ತಿ ಮಾತಾಡುವುದು’, ‘ಹೋಂವರ್ಕ್ ಮೇಜಿನ ಮೇಲೆ ಇಡುವುದು’: ಹೀಗೆ ಇಬ್ಬರು ನೋಡಿದರೂ ಒಂದೇ ಉತ್ತರ ಬರುವಂತಿರಲಿ.

ಟೋಕನ್ನಿಗೆ ಹುಣಸೆ ಬೀಜ ಬಳಸುವ ಸಲಹೆ ತರಬೇತಿಗಳಲ್ಲಿ ಕೇಳಿಬರುತ್ತದೆ. ಖರ್ಚಿಲ್ಲ ನಿಜ, ಆದರೆ ಎರಡನೇ ದಿನ ಮನೆಯಿಂದ ಜೇಬು ತುಂಬ ಬರುತ್ತವೆ. ನಿಮ್ಮ ಸಹಿ ಅಥವಾ ಸೀಲು ಇರುವ ರಟ್ಟಿನ ತುಂಡು, ಇಲ್ಲವೇ ಹಾಜರಿ ಸಂಖ್ಯೆಯ ಚಾರ್ಟಿನಲ್ಲಿ ಗುರುತು ಸಾಕು. ಚಾರ್ಟನ್ನು ಗೋಡೆಗೆ ಹಾಕಬೇಡಿ. ಹಿಂದುಳಿದವರ ಖಾಲಿ ಸಾಲು ದಿನವಿಡೀ ಎಲ್ಲರಿಗೂ ಕಾಣುತ್ತಿರುತ್ತದೆ.

ಗಳಿಸಿದ್ದನ್ನು ಖರ್ಚು ಮಾಡಲು ಬೆಲೆಪಟ್ಟಿ ಬೇಕು. ಚಾಕೊಲೇಟ್, ಪೆನ್ನು ಬೇಡ. ಶಿಕ್ಷಕರ ಜೇಬಿಗೂ ಭಾರ, ಪೋಷಕರ ತಕರಾರಿಗೂ ದಾರಿ. ಶಾಲೆಯಲ್ಲಿ ಪುಕ್ಕಟೆ ಸಿಗುವ, ಮಕ್ಕಳು ಹಾತೊರೆಯುವ ವಸ್ತುಗಳು ಬೇಕಾದಷ್ಟಿವೆ. ಒಂದು ದಿನ ಇಷ್ಟದ ಜಾಗದಲ್ಲಿ ಕೂರಲು 6 ಟೋಕನ್, ಹಾಜರಿ ಪುಸ್ತಕ ಆಫೀಸಿಗೆ ಒಯ್ಯಲು 8, ಗ್ರಂಥಾಲಯದ ಪುಸ್ತಕ ಮೊದಲು ಆರಿಸಿಕೊಳ್ಳಲು 10, ಶಾಲೆಯ ಗಂಟೆ ಹೊಡೆಯಲು 20. (ಗಂಟೆ ಹೊಡೆಯುವುದಕ್ಕೆ ಇರುವ ಬೇಡಿಕೆ ಬೇರೆ ಯಾವುದಕ್ಕೂ ಇರುವುದಿಲ್ಲ.) ಸಾಧಾರಣ ಮಗು ದಿನಕ್ಕೆ ಮೂರು ನಾಲ್ಕು ಗಳಿಸುತ್ತದೆ ಎಂದಿಟ್ಟುಕೊಂಡರೆ, ಎಲ್ಲಕ್ಕಿಂತ ಅಗ್ಗದ್ದು ಎರಡು ದಿನಕ್ಕೆ ಕೈಗೆಟುಕಬೇಕು. ಮೊದಲ ವಾರ ಒಂದೂ ಕೊಳ್ಳಲಾಗದ ಮಗು ಎರಡನೇ ವಾರ ಆಟದಿಂದ ಹೊರಗೆ ಹೋಗಿಬಿಡುತ್ತದೆ. ನಿಮಗೆ ಪದ್ಧತಿ ಬೇಕಿದ್ದದ್ದು ಅಂಥ ಮಗುವಿಗೇ.

ಕೊಟ್ಟದ್ದನ್ನು ಕಿತ್ತುಕೊಳ್ಳಬೇಡಿ. ದಂಡದ ಟೋಕನ್ ವಿಧಾನ ಪುಸ್ತಕಗಳಲ್ಲಿದೆ, ಇಬ್ಬರು ಮೂವರು ಮಕ್ಕಳ ಜೊತೆ ನಡೆಯುತ್ತದೆ ಕೂಡ. ನಲವತ್ತು ಮಂದಿಯಲ್ಲಿ ಅದು ದಿನಕ್ಕೊಂದು ಪಂಚಾಯಿತಿ ಕೂರಿಸುತ್ತದೆ.

ಮುಗಿಸುವ ಯೋಜನೆಯನ್ನು ಶುರುಮಾಡುವ ದಿನವೇ ಬರೆದಿಡಿ. ಮೊದಲ ಎರಡು ವಾರ ಸರಿಯಾದ ವರ್ತನೆಗೆ ಪ್ರತಿ ಸಲವೂ ಟೋಕನ್, ಜೊತೆಯಲ್ಲೇ ಮೆಚ್ಚುಗೆಯ ಮಾತು. ಮೂರು, ನಾಲ್ಕನೇ ವಾರ ದಿನದಲ್ಲಿ ಮೂರು ಸಲ, ಯಾವಾಗ ಎಂದು ಮೊದಲೇ ಹೇಳದೆ. ಐದು, ಆರನೇ ವಾರ ಟೋಕನ್ ವಿನಿಮಯ ವಾರಕ್ಕೊಮ್ಮೆ. ಆಮೇಲೆ ಮಾತು ಮಾತ್ರ ಉಳಿಯುತ್ತದೆ. ಒಮ್ಮೆಲೇ ನಿಲ್ಲಿಸಿದರೆ ವರ್ತನೆಯೂ ಒಮ್ಮೆಲೇ ನಿಲ್ಲುತ್ತದೆ.

ಅಷ್ಟೊಂದು ಲೆಕ್ಕ ಇಡಲಾಗದು. ಸುಲಭದ್ದು ಇದೆಯೇ?

ಇದೆ, ಗುಂಪಿನ ಆಟ. 1969ರಲ್ಲಿ ಬ್ಯಾರಿಶ್, ಸಾಂಡರ್ಸ್, ವುಲ್ಫ್ ಎಂಬ ಮೂವರು ಅಮೆರಿಕದ ನಾಲ್ಕನೇ ತರಗತಿಯೊಂದರಲ್ಲಿ ಇದನ್ನು ಪರೀಕ್ಷಿಸಿದರು. ತರಗತಿಯನ್ನು ಮೂರು ತಂಡ ಮಾಡಿ, ಗಲಾಟೆಯವರೆಲ್ಲ ಒಂದೇ ಕಡೆ ಸೇರದಂತೆ ನೋಡಿಕೊಳ್ಳಿ. ಮೂರು ನಿಯಮ ಹೇಳಿ. ಮೊದಲು ಹತ್ತೇ ನಿಮಿಷ ಆಡಿ. ನಿಯಮ ಮುರಿದಾಗ ಆ ತಂಡದ ಹೆಸರಿನ ಕೆಳಗೆ ಒಂದು ಗೆರೆ. ಹುಡುಗನ ಹೆಸರು ಬೇಡ, ಉಪದೇಶವೂ ಬೇಡ. ನಾಲ್ಕಕ್ಕಿಂತ ಕಡಿಮೆ ಗೆರೆ ಇರುವ ಎಲ್ಲ ತಂಡಗಳೂ ಗೆದ್ದಂತೆ. ಹತ್ತು ನಿಮಿಷ ಸಲೀಸಾದರೆ ಹದಿನೈದು, ಇಪ್ಪತ್ತಕ್ಕೆ ಏರಿಸಿ.

ಕೆಡುವುದು ಎರಡು ಕಡೆ. ತಂಡಗಳ ನಡುವೆ ಸ್ಪರ್ಧೆ ಇಟ್ಟು ಒಬ್ಬರನ್ನೇ ಗೆಲ್ಲಿಸಿದರೆ ಸೋತವರು ಕೈಚೆಲ್ಲುತ್ತಾರೆ. ಮತ್ತೊಂದು, ಬೇಕೆಂದೇ ತಂಡವನ್ನು ಸೋಲಿಸುವ ಒಬ್ಬ ಇದ್ದೇ ಇರುತ್ತಾನೆ. ಎರಡು ದಿನ ಹಾಗೆ ಮಾಡಿದರೆ ಅವನೊಬ್ಬನದೇ ಪ್ರತ್ಯೇಕ ತಂಡ ಮಾಡಿ. ಇಲ್ಲದಿದ್ದರೆ ಶಾಲೆ ಬಿಟ್ಟ ಮೇಲೆ ತಂಡದವರು ಲೆಕ್ಕ ಚುಕ್ತಾ ಮಾಡುತ್ತಾರೆ.

ಬಹುಮಾನ ಕೊಟ್ಟರೆ ಮಕ್ಕಳು ಬಹುಮಾನಕ್ಕಾಗಿಯೇ ಓದುವುದಿಲ್ಲವೇ?

ಆಗಬಹುದು, ಯಾವಾಗ ಆಗುತ್ತದೆ ಎಂಬುದೂ ಗೊತ್ತಿದೆ. ಲೆಪ್ಪರ್, ಗ್ರೀನ್, ನಿಸ್ಬೆಟ್ 1973ರಲ್ಲಿ ವರದಿ ಮಾಡಿದ ಪ್ರಯೋಗದಲ್ಲಿ, ಮೊದಲೇ ಚಿತ್ರ ಬಿಡಿಸಲು ಇಷ್ಟಪಡುತ್ತಿದ್ದ ಶಿಶುವಿಹಾರದ ಮಕ್ಕಳಿಗೆ ‘ಬಿಡಿಸಿದರೆ ಪ್ರಶಸ್ತಿಪತ್ರ’ ಎಂದು ಹೇಳಿ ಬಿಡಿಸಲು ಕೊಟ್ಟರು. ಆಮೇಲೆ ಬಿಡುವಿನ ವೇಳೆಯಲ್ಲಿ ಆ ಮಕ್ಕಳು ಬಣ್ಣದ ಪೆನ್ನು ಮುಟ್ಟುವುದು ಕಡಿಮೆಯಾಯಿತು. ಹೇಳದೆ ಕೊನೆಯಲ್ಲಿ ಪ್ರಶಸ್ತಿ ಪಡೆದವರಲ್ಲಿ ಹಾಗಾಗಲಿಲ್ಲ.

ಆದ್ದರಿಂದ ತಾನಾಗಿಯೇ ಕಥೆಪುಸ್ತಕ ಓದುವ ಹುಡುಗಿಗೆ ಪುಸ್ತಕಕ್ಕೊಂದು ಸ್ಟಾರ್ ಕೊಡುವುದು ಶುದ್ಧ ನಷ್ಟ. ಪುಸ್ತಕ ಕಂಡರೆ ಓಡುವವನಿಗೆ, ಓದು ಬಂದು ರುಚಿ ಹತ್ತುವವರೆಗೆ, ಹೊರಗಿನ ಪ್ರೇರಣೆ ಊರುಗೋಲಾಗಬಹುದು. ಇನ್ನೊಂದು ದಾರಿ ಪ್ರೀಮ್ಯಾಕ್ 1959ರಲ್ಲಿ ಹೇಳಿದ್ದು: ಹೆಚ್ಚು ಇಷ್ಟದ ಕೆಲಸವನ್ನು ಕಡಿಮೆ ಇಷ್ಟದ ಕೆಲಸದ ಹಿಂದೆ ಇಡಿ. ಬರವಣಿಗೆ ಮೊದಲು, ಚಿತ್ರ ಆಮೇಲೆ. ವೇಳಾಪಟ್ಟಿ ಹಾಕುವಾಗ ಕ್ರಮ ಬದಲಿಸಿದರೆ ಸಾಕು.

ಮಗ್ಗಿ, ಅಕ್ಷರ, ಭಾಗಾಕಾರ ಕಲಿಸಲು ಇದರಿಂದ ನೇರ ಸಹಾಯ ಏನು?

ವರ್ತನಾವಾದ ನಿಜವಾಗಿ ಪಳಗಿರುವ ಜಾಗ ಇದು. ಶಿಸ್ತಿನ ವಿಷಯಕ್ಕಿಂತ ಇಲ್ಲಿ ಅದರ ಲಾಭ ಹೆಚ್ಚು. 1953ರಲ್ಲಿ ಸ್ಕಿನ್ನರ್ ತಮ್ಮ ಮಗಳ ನಾಲ್ಕನೇ ತರಗತಿಯ ಗಣಿತ ಪಾಠಕ್ಕೆ ಹೋಗಿ ಕೂತಿದ್ದರು. ಲೆಕ್ಕ ಮುಗಿಸಿದ ಮಕ್ಕಳು ಸರಿಯೋ ತಪ್ಪೋ ತಿಳಿಯದೆ ಕಾಯುತ್ತಿದ್ದರು. ಬೇಗ ಮುಗಿಸಿದವರೂ ತಡವರಿಸುವವರೂ ಒಂದೇ ವೇಗದಲ್ಲಿ ಸಾಗಬೇಕಿತ್ತು. ಮರುವರ್ಷವೇ ಅವರು ಕಲಿಸುವ ಯಂತ್ರವೊಂದನ್ನು ಮಾಡಿ ತೋರಿಸಿದರು. ಯಂತ್ರ ಈಗ ಯಾರಿಗೂ ಬೇಡ, ಅವರು ಕಂಡ ಎರಡು ತಪ್ಪುಗಳು ಮಾತ್ರ ನಮ್ಮ ತರಗತಿಗಳಲ್ಲಿ ಹಾಗೇ ಇವೆ. ಇಂದು ಬರೆದ ಲೆಕ್ಕ ನಾಡಿದ್ದು ಕೆಂಪು ಶಾಯಿಯಲ್ಲಿ ವಾಪಸ್ ಬಂದರೆ, ಅಷ್ಟರಲ್ಲಿ ಮಗು ತಪ್ಪು ವಿಧಾನವನ್ನೇ ಇಪ್ಪತ್ತು ಸಲ ಅಭ್ಯಾಸ ಮಾಡಿರುತ್ತದೆ.

ತಕ್ಷಣದ ಉತ್ತರಕ್ಕೆ ಸ್ಲೇಟು ಸಾಕು. ಪ್ರಶ್ನೆ ಹೇಳಿ, ಮೂರು ನಾಲ್ಕು ಸೆಕೆಂಡು ಬಿಟ್ಟು ‘ತೋರಿಸಿ’ ಎನ್ನಿ. ನಲವತ್ತು ಉತ್ತರ ಒಮ್ಮೆಗೇ ಕಾಣುತ್ತದೆ. ಒಬ್ಬರನ್ನು ಎಬ್ಬಿಸಿ ಕೇಳಿದರೆ ಉಳಿದ 39 ಮಂದಿಗೆ ಆ ನಿಮಿಷ ರಜೆ.

ಮಗ್ಗಿಗೆ ಹತ್ತು ಮಿಂಚುಪಟ್ಟಿಗಳ (ಫ್ಲ್ಯಾಶ್ ಕಾರ್ಡ್) ಕಟ್ಟು ಮಾಡಿ: ಏಳು ಆಗಲೇ ಬರುವಂಥವು, ಮೂರು ಹೊಸವು. 7×8 ಹೊಸದಾದರೆ ಮೊದಲು ಉತ್ತರ ಸಮೇತ ತೋರಿಸಿ, ನಂತರ ಬರುವಂಥವುಗಳ ನಡುವೆ ಕಲಸಿ ಕೇಳಿ. ಮೂರು ಸೆಕೆಂಡಿನಲ್ಲಿ ಹೇಳದಿದ್ದರೆ ಉತ್ತರ ಹೇಳಿಕೊಟ್ಟು, ಎರಡು ಪಟ್ಟಿಗಳ ನಂತರ ಅದನ್ನೇ ಮತ್ತೆ ಕೇಳಿ. ಮೂರು ದಿನ ಸತತ ತಡವರಿಸದೆ ಬಂದದ್ದು ಹಳೆಯ ಕಟ್ಟಿಗೆ ಹೋಗುತ್ತದೆ, ಅದರ ಜಾಗಕ್ಕೆ ಹೊಸದೊಂದು. ದಿನಕ್ಕೆ ಐದು ನಿಮಿಷ, ಜೋಡಿಯಾಗಿ ಮಕ್ಕಳೇ ನಡೆಸಬಹುದು. ಹತ್ತೂ ಹೊಸತೇ ಕೊಟ್ಟರೆ ಸೋಲು ಹೆಚ್ಚಾಗಿ ಮಗು ಊಹಿಸಲು ಶುರುಮಾಡುತ್ತದೆ.

ಅಕ್ಷರ ಬರೆಸುವಾಗ ಸಹಾಯವನ್ನು ಹಂತಹಂತವಾಗಿ ತೆಗೆಯಬೇಕು: ಪೂರ್ಣ ಅಕ್ಷರದ ಮೇಲೆ ತಿದ್ದುವುದು, ಚುಕ್ಕಿಗಳ ಮೇಲೆ, ಶುರುವಾಗುವ ಜಾಗದ ಚುಕ್ಕಿ ಮಾತ್ರ, ಕೊನೆಗೆ ಖಾಲಿ ಗೆರೆ. ನಮ್ಮಲ್ಲಿ ಮೊದಲನೆಯದರಿಂದ ನೇರ ಕೊನೆಯದಕ್ಕೆ ಹಾರುತ್ತೇವೆ, ಇಲ್ಲವೇ ತಿಂಗಳುಗಟ್ಟಲೆ ತಿದ್ದಿಸುತ್ತಲೇ ಇರುತ್ತೇವೆ. ಒಂದನ್ನೊಂದು ಹೋಲುವ ಮ ಮತ್ತು ಯ, ದ ಮತ್ತು ಧ, ಬ ಮತ್ತು ಭ ಇವುಗಳನ್ನು ಒಂದೇ ದಿನ ಕಲಿಸಬೇಡಿ. ಹತ್ತರಲ್ಲಿ ಒಂಬತ್ತು ಸಲ ‘ದ’ ಗುರುತಿಸುವವರೆಗೆ ‘ಧ’ ಬರುವುದೇ ಬೇಡ. ಬಂದ ಮೇಲೆ ಎರಡನ್ನೂ ಅಕ್ಕಪಕ್ಕ ಇಟ್ಟು ವ್ಯತ್ಯಾಸವಿರುವ ಜಾಗವನ್ನೇ ಬಣ್ಣದಲ್ಲಿ ತೋರಿಸಿ, ನಂತರ ಬಣ್ಣ ತೆಗೆಯಿರಿ.

ಭಾಗಾಕಾರದಂಥ ಸರಪಳಿ ಕೆಲಸವನ್ನು ಕೊನೆಯಿಂದ ಕಲಿಸಿ ನೋಡಿ. 84ನ್ನು 3ರಿಂದ ಭಾಗಿಸುವಾಗ ಮೊದಲ ಲೆಕ್ಕದಲ್ಲಿ ಎಲ್ಲವನ್ನೂ ನೀವೇ ಬರೆದು, 24ರಲ್ಲಿ 24 ಕಳೆದು ಶೇಷ ಸೊನ್ನೆ ಎನ್ನುವುದನ್ನು ಮಾತ್ರ ಮಗುವಿಗೆ ಬಿಡಿ. ಎರಡನೆಯದರಲ್ಲಿ 24ರಲ್ಲಿ 3 ಎಷ್ಟು ಸಲ ಎನ್ನುವುದನ್ನೂ ಸೇರಿಸಿ. ಮೂರನೆಯದರಲ್ಲಿ 4ನ್ನು ಕೆಳಗಿಳಿಸುವುದರಿಂದ. ಹೀಗೆ ಹಿಂದಕ್ಕೆ ಹೋದಾಗ ಪ್ರತಿ ಲೆಕ್ಕವೂ ಮಗುವಿನ ಕೈಯಲ್ಲೇ ಮುಗಿಯುತ್ತದೆ. ಮೊದಲಿನಿಂದ ಕಲಿಸಿದರೆ ಅದು ನಡುವೆ ಸಿಕ್ಕಿಕೊಂಡು, ಮುಗಿದ ಸಮಾಧಾನವನ್ನು ಕಾಣುವುದೇ ಇಲ್ಲ.

ನಲಿ-ಕಲಿ ವರ್ತನಾವಾದದ ಪದ್ಧತಿಯೇ?

ಪೂರ್ತಿ ಅಲ್ಲ. ನಲಿ-ಕಲಿ ಎಂಬುದು ಕರ್ನಾಟಕದ ಸರ್ಕಾರಿ ಪ್ರಾಥಮಿಕ ಶಾಲೆಗಳ ಚಟುವಟಿಕೆ ಆಧಾರಿತ ಕಲಿಕೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಆರಂಭವಾದ ಈ ಪದ್ಧತಿಗೆ ಆಂಧ್ರಪ್ರದೇಶದ ರಿಷಿ ವ್ಯಾಲಿ ಶಾಲೆಯ ಪ್ರೇರಣೆ ಇತ್ತು. ಚಟುವಟಿಕೆ, ಗುಂಪು ಕಲಿಕೆ, ಮಗುವಿನ ಸಂತೋಷ ಅದರ ಜೀವಾಳ. ಆದರೂ ಚಿಕ್ಕ ಹಂತಗಳ ಕಲಿಕಾ ಏಣಿ, ಒಂದು ಮೆಟ್ಟಿಲು ದಕ್ಕಿದ ಮೇಲೆ ಮುಂದಿನದು, ಪ್ರತಿ ಮಗುವಿಗೂ ಅದರದೇ ವೇಗ ಎಂಬ ಮೂರು ಅಂಶಗಳನ್ನು ಸ್ಕಿನ್ನರ್ ನೋಡಿದ್ದರೆ ಗುರುತು ಹಿಡಿಯುತ್ತಿದ್ದರು.

ಪ್ರತಿ ಶನಿವಾರ ಟೆಸ್ಟ್ ಇಟ್ಟರೂ ಶುಕ್ರವಾರ ರಾತ್ರಿ ಮಾತ್ರ ಓದುತ್ತಾರೆ.

ಮಕ್ಕಳು ನಿಮ್ಮ ವೇಳಾಪಟ್ಟಿಗೆ ಸರಿಯಾಗಿಯೇ ನಡೆದುಕೊಳ್ಳುತ್ತಿದ್ದಾರೆ. ಫರ್‌ಸ್ಟರ್ ಮತ್ತು ಸ್ಕಿನ್ನರ್ 1957ರಲ್ಲಿ ಪುನರ್ಬಲನದ ವೇಳಾಪಟ್ಟಿಗಳನ್ನು ವಿವರಿಸಿದರು. ಫಲ ನಿಗದಿತ ಕಾಲಕ್ಕೊಮ್ಮೆ ಬರುವುದಾದರೆ, ಪಂಜರದ ಪಾರಿವಾಳವೂ ಕಾಲ ಹತ್ತಿರ ಬರುವವರೆಗೆ ಸುಮ್ಮನಿದ್ದು ಕೊನೆಯಲ್ಲಿ ಬಿರುಸಾಗಿ ಕುಟುಕುತ್ತದೆ. ಕಾಲವನ್ನು ಅನಿಶ್ಚಿತಗೊಳಿಸಿ: ಸೋಮವಾರದಿಂದ ಶನಿವಾರದವರೆಗಿನ ಆರು ಚೀಟಿ ಡಬ್ಬಿಯಲ್ಲಿಟ್ಟು, ಪ್ರತಿ ಬೆಳಿಗ್ಗೆ ಒಂದು ಮಗು ಚೀಟಿ ಎತ್ತಲಿ, ಆ ದಿನದ ಹೆಸರೇ ಬಂದರೆ ಐದು ಅಂಕದ ಕಿರು ಪರೀಕ್ಷೆ. ಎತ್ತಿದ ಚೀಟಿ ವಾಪಸ್ ಡಬ್ಬಿಗೆ. ಹೋಂವರ್ಕಿಗೂ ಇದೇ ಉಪಾಯ: ಮೊದಲ ಮೂರು ವಾರ ಎಲ್ಲರದನ್ನೂ ನೋಡಿ, ಆಮೇಲೆ ಹಾಜರಿ ಸಂಖ್ಯೆಯ ಚೀಟಿ ಎತ್ತಿ ಎಂಟು ನೋಟ್‌ಬುಕ್ ಮಾತ್ರ. ಮೊದಲ ದಿನದಿಂದಲೇ ಎಂಟು ನೋಡಿದರೆ ಅಭ್ಯಾಸ ಕೂರುವುದಿಲ್ಲ.

ಗಣಿತ, ಇಂಗ್ಲಿಷ್ ಪೀರಿಯಡ್ ಬಂತೆಂದರೆ ಕೈಕಾಲು ನಡುಗುವ ಮಗುವಿಗೆ?

ಇದು ಪಾವ್ಲೋವರ ಕ್ಷೇತ್ರ. ಬೋರ್ಡಿನ ಬಳಿ ಅವಮಾನವಾಗಿತ್ತು. ಬೋರ್ಡು, ಸೀಮೆಸುಣ್ಣ, ಆ ಪೀರಿಯಡಿನ ಬೆಲ್ ಎಲ್ಲವೂ ಈಗ ಅದೇ ಭಯವನ್ನು ಎಬ್ಬಿಸುತ್ತವೆ. ‘ಹೆದರಬೇಡ’ ಎಂಬ ಮಾತಿಗೆ ಇಲ್ಲಿ ಬಲವಿಲ್ಲ, ಟೋಕನ್ನಿಗೂ ಇಲ್ಲ. ಮೇರಿ ಕವರ್ ಜೋನ್ಸ್ 1924ರಲ್ಲಿ ಪೀಟರ್ ಎಂಬ ಬಾಲಕನ ಮೊಲದ ಭಯವನ್ನು ಬಿಡಿಸಿದ ಬಗೆಯೇ ದಾರಿ: ಅವನು ಇಷ್ಟದ ತಿಂಡಿ ತಿನ್ನುವಾಗ ಮೊಲವನ್ನು ದೂರ ಇಟ್ಟು, ಸ್ವಲ್ಪ ಸ್ವಲ್ಪವೇ ಹತ್ತಿರ ತರುವುದು.

ತರಗತಿಯಲ್ಲಿ ಹೀಗೆ: ಮೊದಲು ಹತ್ತಕ್ಕೆ ಒಂಬತ್ತು ಬರುವಷ್ಟು ಸುಲಭದ ಲೆಕ್ಕ, ಸ್ಲೇಟಿನಲ್ಲಿ, ಎಲ್ಲರ ಜೊತೆ. ನಂತರ ಪಕ್ಕದವರಿಗೆ ಮಾತ್ರ ಉತ್ತರ ಹೇಳುವುದು. ನಂತರ ಕೂತ ಜಾಗದಿಂದಲೇ ಹೇಳುವುದು. ಯಾವ ಪ್ರಶ್ನೆ ಕೇಳುತ್ತೀರಿ ಎಂದು ಹಿಂದಿನ ದಿನವೇ ತಿಳಿಸಿರಬೇಕು. ನಂತರ ಗೆಳತಿಯ ಜೊತೆ ಬೋರ್ಡಿಗೆ, ಕೊನೆಗೆ ಒಬ್ಬಳೇ. ಒಂದು ಹಂತದಲ್ಲಿ ಎರಡು ಮೂರು ದಿನ ನಿರಾಳವಾಗಿದ್ದರೆ ಮಾತ್ರ ಮುಂದಕ್ಕೆ. ಭಯ ಮರಳಿದರೆ ಒಂದು ಹಂತ ಹಿಂದಕ್ಕೆ ಹೋಗಿ, ಮೊದಲಿಗೆ ಹೋಗುವ ಅಗತ್ಯವಿಲ್ಲ. ನಡುವೆ ಒಂದು ದಿನ ಬೇರೆ ಶಿಕ್ಷಕರು ಬಂದು ಏಕಾಏಕಿ ಬೋರ್ಡಿಗೆ ಕರೆದರೆ ವಾರಗಳ ಕೆಲಸ ನೀರುಪಾಲು. ಅವರಿಗೆ ಮೊದಲೇ ತಿಳಿಸಿಡಿ.

ಶಿಕ್ಷೆಯನ್ನು ಪೂರ್ತಿ ಬಿಡಬೇಕೇ?

ದೈಹಿಕ ಶಿಕ್ಷೆ ಮತ್ತು ಮಾನಸಿಕ ಕಿರುಕುಳವನ್ನು ಶಿಕ್ಷಣ ಹಕ್ಕು ಕಾಯ್ದೆ 2009ರ 17ನೇ ಸೆಕ್ಷನ್ ನಿಷೇಧಿಸಿದೆ. ಉಲ್ಲಂಘಿಸಿದವರ ಮೇಲೆ ಸೇವಾ ನಿಯಮದಡಿ ಶಿಸ್ತುಕ್ರಮವಿದೆ. ಬಸ್ಕಿ, ಬೆಂಚಿನ ಮೇಲೆ ನಿಲ್ಲಿಸುವುದು ಎಲ್ಲ ಇದರೊಳಗೇ ಬರುತ್ತದೆ. ಅಲ್ಲಿಗೆ ಚರ್ಚೆ ಮುಗಿಯಿತು.

ಕಾನೂನು ಬದಿಗಿಟ್ಟರೂ, ಶಿಕ್ಷೆ ‘ಏನು ಮಾಡಬಾರದು’ ಎಂದಷ್ಟೇ ಹೇಳುತ್ತದೆ. ಅದೂ ಶಿಕ್ಷಿಸುವವರು ಎದುರಿಗಿದ್ದಾಗ. ‘ನೂರು ಸಲ ಬರಿ’ ಎಂಬ ದಂಡನೆ ವಿಶೇಷವಾಗಿ ಹಾನಿಕರ, ಏಕೆಂದರೆ ನಾಳೆ ಅದೇ ಮಗುವಿಗೆ ಬರವಣಿಗೆ ಇಷ್ಟವಾಗಬೇಕು ಎಂದು ಬಯಸುವವರೂ ನಾವೇ. ಉಳಿಯುವುದು ಸಣ್ಣ, ಸಹಜ ಪರಿಣಾಮಗಳು: ಚೆಲ್ಲಿದ್ದನ್ನು ಒರೆಸುವುದು, ಹರಿದದ್ದನ್ನು ಅಂಟಿಸುವುದು, ಜಗಳವಾಡಿದ ಆಟದಿಂದ ಐದು ನಿಮಿಷ ಹೊರಗಿರುವುದು. ಐದು ನಿಮಿಷ ಎಂದರೆ ಐದೇ, ಕೋಪ ಆರುವವರೆಗೆ ಅಲ್ಲ.

ಪಾಠಯೋಜನೆಯಲ್ಲಿ ‘ಅರ್ಥಮಾಡಿಕೊಳ್ಳುವರು’ ಎಂದು ಬರೆದರೆ ತಪ್ಪೇ?

ಅಳೆಯಲಾಗದು. ಮೇಗರ್ 1962ರಲ್ಲಿ ಸೂಚಿಸಿದ ಮೂರು ಭಾಗ ಇರಲಿ: ಯಾವ ಸನ್ನಿವೇಶದಲ್ಲಿ, ಏನು ಮಾಡಬೇಕು, ಎಷ್ಟು ಸರಿಯಿರಬೇಕು. ‘ಕರ್ನಾಟಕದ ಖಾಲಿ ನಕ್ಷೆ ಕೊಟ್ಟಾಗ ಐದು ನದಿಗಳಲ್ಲಿ ನಾಲ್ಕನ್ನಾದರೂ ಗುರುತಿಸುವರು.’

ವರ್ತನಾವಾದ ಎಲ್ಲಿ ಕೈಕೊಡುತ್ತದೆ?

ಮಗು ಹಿಂದೆಂದೂ ಕೇಳದ ವಾಕ್ಯ ಕಟ್ಟುವಲ್ಲಿ, ಭಿನ್ನರಾಶಿ ಎಂದರೇನು ಎಂದು ತಿಳಿಯುವಲ್ಲಿ, ಪದ್ಯದ ಅರ್ಥ ಹುಡುಕುವಲ್ಲಿ. 1959ರಲ್ಲಿ ಭಾಷಾವಿಜ್ಞಾನಿ ಚಾಮ್‌ಸ್ಕಿ ಸ್ಕಿನ್ನರರ ಭಾಷಾ ವಿವರಣೆಯನ್ನು ಕಟುವಾಗಿ ವಿಮರ್ಶಿಸಿದ್ದು ಇದೇ ನೆಲೆಯಿಂದ. ಮನೋವಿಜ್ಞಾನಿ ಬಂಡೂರ ಅವರು, ತನಗೆ ಫಲ ಸಿಗದಿದ್ದರೂ ಇನ್ನೊಬ್ಬರನ್ನು ನೋಡಿಯೇ ಮಕ್ಕಳು ಕಲಿಯುತ್ತಾರೆಂದು ತೋರಿಸಿದರು. ಮಗ್ಗಿ ತಡವರಿಸದೆ ಬರಲು ಮಿಂಚುಪಟ್ಟಿ ಬಳಸಿ. ಗುಣಾಕಾರ ಎಂದರೇನು ಎಂದು ತಿಳಿಸಲು ಕಡ್ಡಿಕಟ್ಟು, ಚೌಕದ ಹಾಳೆ, ಮಾತುಕತೆ ಬೇಕು.

ಮೂರು ವಾರ ನಡೆಸಿದರೂ ಬದಲಾವಣೆ ಇಲ್ಲ. ಏನು ಪರೀಕ್ಷಿಸಬೇಕು?

ಮೊದಲ ವಾರದ ಎಣಿಕೆ ತೆಗೆದು ನೋಡಿ. 14 ಇದ್ದದ್ದು 10 ಆಗಿದ್ದರೆ ಅದು ಬದಲಾವಣೆಯೇ, ಮುಂದುವರಿಸಿ. ಇಲ್ಲವೆಂದಾದರೆ ನೀವು ಕೊಡುತ್ತಿರುವ ಫಲ ಆ ಮಗುವಿಗೆ ಬೇಕೇ ಎಂದು ಅದನ್ನೇ ಕೇಳಿ. ಫಲ ತಡವಾಗಿ ತಲುಪುತ್ತಿರಬಹುದು. ಮೊದಲ ಹಂತವೇ ಎತ್ತರವಾಗಿರಬಹುದು: ಮೂರು ನಿಮಿಷ ಕೂರುವವನಿಂದ ಮೂವತ್ತು ಕೇಳಿದರೆ ಗಳಿಸುವ ಅವಕಾಶವೇ ಇಲ್ಲ, ನಾಲ್ಕು ಕೇಳಿ. ಇನ್ನೊಬ್ಬ ಶಿಕ್ಷಕರ ಪೀರಿಯಡಿನಲ್ಲಿ ಹಳೆಯ ವರ್ತನೆಗೆ ಹಳೆಯ ಫಲವೇ ಸಿಗುತ್ತಿರಬಹುದು.

ಇವೆಲ್ಲ ಸರಿಯಿದ್ದರೆ ಕಣ್ಣು, ಕಿವಿ, ಹಸಿವು, ನಿದ್ದೆ ನೋಡಿ. ವಾಸ್ತವವಾಗಿ ಇವನ್ನು ಮೊದಲ ದಿನವೇ ನೋಡಿದ್ದರೆ ಒಳ್ಳೆಯದಿತ್ತು. ಬೋರ್ಡಿನಿಂದ ತಪ್ಪು ತಪ್ಪಾಗಿ ಬರೆದುಕೊಳ್ಳುವವಳಿಗೆ ಬೇಕಿರುವುದು ಕನ್ನಡಕ ಇರಬಹುದು, ಹೆಸರು ಕೂಗಿದರೆ ತಿರುಗದವನಿಗೆ ಕಿವಿ ಸೋರುತ್ತಿರಬಹುದು. ಮಕ್ಕಳ ಆರೋಗ್ಯ ತಪಾಸಣೆಯ ಸರ್ಕಾರಿ ಕಾರ್ಯಕ್ರಮವಾದ ಆರ್.ಬಿ.ಎಸ್.ಕೆ.ಯ (ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ) ತಂಡ ಶಾಲೆಗೆ ತಪಾಸಣೆಗೆ ಬಂದಾಗ ಅಂಥವರ ಹೆಸರುಗಳ ಪಟ್ಟಿ, ನಿಮ್ಮ ಮೂರು ಕಾಲಂ ಟಿಪ್ಪಣಿಯ ಸಮೇತ, ಕೈಯಲ್ಲಿರಲಿ.